ಮುದ್ದು ಮಾರಿ ಕಂಡ್ರ ಮಂದಿ ಹಂಗ್ಯಾಕ ಕರಗ್ತಾರ? ಕೂಸು, ಕುನ್ನಿ, ಪಗ್, ಮುಧೋಳ ನಾಯಿ

ಬಿಳಿಜೋಳ (ವಿಜಯಪುರ)

ಎಲ್ಲಾರಿಗೂ ಶರಣು. ಒಂದು ಪ್ರಶ್ನಿ ಅದ, ತಿಳದವರು ಬಿಡಿಸಿ ಹೇಳ್ರಿ. ಬೀದಿ ಕುನ್ನಿಗೆ ಮನಿ ಹುಡುಕಿ ಕೊಡೋ ಗುಂಪಿನಾಗ ಒಂದೂವರಿ ತಿಂಗಳ ಮರಿ ಫೋಟೊ ಬಿದ್ರ ಸಂಜಿಯೊಳಗ ಹತ್ತು ಮಂದಿ "ನನಗ ಬೇಕು" ಅಂತಾರ. ಅದೇ ಮರಿ ಎಂಟು ತಿಂಗಳದ್ದಾದಾಗ ಹಾಕಿದ್ರ ಹಾರ್ಟ್ ಬೀಳ್ತಾವ, ಫೋನು ಬರಂಗಿಲ್ಲ. ನಾಯಿ ಅದೇ, ಗುಣ ಅದೇ, ಮಾರಿ ಅಷ್ಟ ಬ್ಯಾರೆ. ಕೂಸಿನ ವಿಷಯನೂ ಹಂಗ. ಬಸ್ಸಿನಾಗ ಮುದುಕಿ ನಿಂತ್ರ ಕಿಡಕ್ಯಾಗ ಮಾರಿ ಇಟಗೊಂಡವ್ರು, ಗುಂಡ ಗಲ್ಲದ ಕೂಸು ಬಂದ್ರ "ಕೊಡ್ರಿ ಇಲ್ಲೆ" ಅಂತ ತಾವ ಕೈ ಚಾಚಿ ತೊಡಿ ಮ್ಯಾಲ ಕೂಡಿಸ್ಕೊತಾರ.

ಈ ಮುದ್ದು ಅನ್ನೋದು ಮನುಷ್ಯಾನ ನಡತಿ ಎಷ್ಟು ತಿರುಗಸ್ತದ? ಮತ್ತ ದೊಡ್ಡ ನಾಯಿಗೂ ಮನಿ ಸಿಗೂಹಂಗ ಫೋಟೊ, ಒಕ್ಕಣಿ ಹೆಂಗ ಇರಬೇಕು? "ನಮ್ಮ ಮನ್ಯಾಗೂ ಒಂದು ಪಪ್ಪಿ ಇತ್ತು" ಅನ್ನೋ ಕಥಿ ದಯವಿಟ್ಟು ಬ್ಯಾಡ್ರಿ. ಹೋದ ಸಲದ ಚರ್ಚಾ ಹಂಗ ಹಾಳಾತು.

ಘಟಪ್ರಭಾ ದಂಡಿ (ಗೋಕಾಕ)

ಇದರ ಬೇರು 1943ರಾಗ ಐತ್ರಿ. ಕೊನ್ರಾಡ್ ಲೊರೆನ್ಜ್ ಅಂತ ಆಸ್ಟ್ರಿಯಾದ ವಿಜ್ಞಾನಿ, ಪ್ರಾಣಿಗಳ ನಡತಿ ಅಭ್ಯಾಸ ಮಾಡಿದಂವ. ಕೂಸಿನ ಮಾರಿಯೊಳಗ ಒಂದು ಅಚ್ಚು ಇರ್ತೈತಿ, ಅದು ಕಣ್ಣಿಗೆ ಬಿದ್ದ ಕೂಡ್ಲೆ ದೊಡ್ಡವರಿಗೆ ಜೋಪಾನ ಮಾಡೂ ಬುದ್ಧಿ ಏಳ್ತೈತಿ ಅಂತ ಅವನ ವಾದ. ಆ ಅಚ್ಚು ಹಿಂಗ: ಮೈಗೆ ಹೋಲಿಸಿದ್ರ ದೊಡ್ಡ ತಲಿ, ಉಬ್ಬಿದ ಹಣಿ, ಮಾರಿಯ ನಡುಗೆರಿಗಿಂತ ಕೆಳಗ ಕುಂತ ದೊಡ್ಡ ಕಣ್ಣು, ಗುಂಡ ಗಲ್ಲ, ಸಣ್ಣ ಮೂಗು ಬಾಯಿ, ಮೋಟು ಕೈಕಾಲು, ಮೆತ್ತನ ಮೈ, ಎಡವಿ ಬೀಳೋ ನಡಗಿ. ಇವು ಕೂಡಿ ಬಂದ್ರ ಮುಗೀತು, ಅದು ಕೂಸ ಆಗಿರಬೇಕಂತೇನಿಲ್ಲ. ಕುನ್ನಿಯೂ ನಡೀತೈತಿ, ಗೊಂಬಿಯೂ ನಡೀತೈತಿ.

ಮಣ್ಣೆತ್ತಿನ ಅಮಾಸಿಗೆ ಮಾಡೋ ಎತ್ತು ನೋಡ್ರಿ. ಖಿಲಾರಿ ಎತ್ತಿನ ಉದ್ದ ಮಾರಿ, ಎತ್ತರ ಕಾಲು ಅದರಾಗ ಇರಂಗಿಲ್ಲ. ಮೋಟುಕಾಲು, ಗುಂಡ ಮೈ. ಮಣ್ಣಿನ ಕಾಲು ಉದ್ದ ಮಾಡಿದ್ರ ಒಣಗೂತನಕ ಮುರೀತಾವ, ಅದು ಒಂದು ಕಾರಣ. ಆದ್ರ ಹುಡುಗ್ರು ಅದನ್ನ ಎದಿಗೆ ಅವಚಿಕೊಂಡು ತಿರುಗ್ಯಾಡೋದು ಆ ಮೋಟುಕಾಲಿನ ದೆಸೆಯಿಂದನ.

ಲೊರೆನ್ಜ್ ಹೇಳಿದ್ದು ಬರೇ ಊಹೆ ಅನ್ನೋರಿಗೆ ಎರಡು ಪ್ರಯೋಗ. 2008ರಾಗ ಮಾರ್ಟನ್ ಕ್ರಿಂಗೆಲ್‌ಬಾಕ್ ತಂಡ ಮಿದುಳಿನ ಕಾಂತೀಯ ಅಲೆ ಅಳೆದು ನೋಡಿತು. ಕೂಸಿನ ಮಾರಿ ತೋರಿಸಿದ ಸುಮಾರು 130 ಮಿಲಿಸೆಕೆಂಡಿಗೆ, ಅಂದ್ರ ಸೆಕೆಂಡಿನ ಏಳನೇ ಒಂದು ಪಾಲೂ ಆಗೋದ್ರೊಳಗ, ಕಣ್ಣಗುಡ್ಡಿಯ ಮ್ಯಾಲಿರೋ ಮಿದುಳಿನ ಭಾಗ ಚಟುವಟಿಕಿ ತೋರಿಸ್ತು. ದೊಡ್ಡವರ ಮಾರಿಗೆ ಹಂಗ ಆಗ್ಲಿಲ್ಲ. "ಇದು ಮುದ್ದೈತಿ" ಅಂತ ಬಾಯಿಗೆ ಬರೂ ಮೊದಲ ಒಳಗ ಗಂಟಿ ಹೊಡದಿರ್ತೈತಿ. 2009ರಾಗ ಮೆಲಾನಿ ಗ್ಲಾಕರ್ ಮತ್ತ ಸಂಗಡಿಗರು ಪ್ರತಿ ಕೂಸಿನ ಫೋಟೊ ತಗೊಂಡು ಕಂಪ್ಯೂಟರಿನಾಗ ಹಣಿ, ಕಣ್ಣು, ಮಾರಿಯ ಅಗಲ ಹಿಗ್ಗಿಸಿ ಕುಗ್ಗಿಸಿ ತೋರಿಸಿದ್ರು. ಅಚ್ಚು ಹೆಚ್ಚಾದಷ್ಟು, ಇನ್ನೂ ಹಡೀದ ಹೆಣ್ಮಕ್ಕಳ ಮಿದುಳಿನಾಗ ರುಚಿ, ಬಹುಮಾನಕ್ಕ ಮಿಡಿಯೋ ಜಾಗಾ ಹೆಚ್ಚು ಮಿಡೀತು. ಕೂಸು ಅದ ಅನ್ನೋದು ನೆನಪಿರಲಿ. ಬದಲಾಗಿದ್ದು ಅಳತಿ ಅಷ್ಟ.

ಇಳಕಲ್ ಸೆರಗು (ಬಾಗಲಕೋಟೆ ಜಿಲ್ಲಾ)

ಹಡೀದವ್ರು, ಹಡದವ್ರು ಎಲ್ಲಾ ಹೆಣ್ಮಕ್ಕಳ ಆದ್ರಲ್ರಿ. ಗಂಡಸರಿಗೆ ಆ ಗಂಟಿ ಇಟ್ಟಿಲ್ಲೇನು ದೇವರು?

ಘಟಪ್ರಭಾ ದಂಡಿ (ಗೋಕಾಕ)

ಇಟ್ಟಾನ್ರಿ ಅಕ್ಕಾರ. "ಎಷ್ಟು ಚಂದ, ಅಂಕ ಕೊಡ್ರಿ" ಅಂದ್ರ ಗಂಡಸರು ಕಡಿಮಿ ಅಂಕ ಕೊಡ್ತಾರ. ಆದ್ರ ಗುಂಡಿ ಒತ್ತಿದ್ರ ಕೂಸಿನ ಫೋಟೊ ಪರದಾ ಮ್ಯಾಲ ಇನ್ನಷ್ಟ ಹೊತ್ತು ನಿಲ್ತೈತಿ ಅಂತ ಮಾಡಿ ಬಿಟ್ಟಾಗ, ಗಂಡಸರೂ ಹೆಣ್ಮಕ್ಕಳಷ್ಟ ಒತ್ತಿದ್ರು. 2011ರ ಪ್ರಯೋಗ, ಕ್ರಿಸ್ಟೀನ್ ಪಾರ್ಸನ್ಸ್ ತಂಡದ್ದು. ಬಾಯಾಗ ಒಪ್ಪಂಗಿಲ್ಲ, ಬೆರಳು ಒಪ್ಪತೈತಿ.

ಗುಮ್ಮಟದ ಪಾರಿವಾಳ (ವಿಜಯಪುರ)

ಪಾಕೀಟಿನ ಪ್ರಯೋಗ ಯಾರೂ ಹೇಳಲಿಲ್ಲಲ್ಲ. ರಿಚರ್ಡ್ ವೈಸ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ ಸ್ಕಾಟ್ಲಂಡಿನ ಎಡಿನ್‌ಬರೊ ಪಟ್ಟಣದಾಗ ರೊಕ್ಕ ಇಡೋ 240 ಪಾಕೀಟು ಬೀದ್ಯಾಗ ಬೀಳಿಸಿ ನೋಡಿದ. ನಗೋ ಕೂಸಿನ ಫೋಟೊ ಇದ್ದವು ನೂರಕ್ಕ 88 ವಾಪಸ್ ಬಂದ್ವು. ಕುನ್ನಿ ಫೋಟೊದ್ದು 53, ಕುಟುಂಬದ್ದು 48, ವಯಸ್ಸಾದ ಗಂಡ ಹೆಂಡತಿದು 28. ಫೋಟೊನ ಇಲ್ಲದ್ದು 15. ಮುದ್ದು ಅನ್ನೋದು ಮಂದೀನ ಪ್ರಾಮಾಣಿಕ ಮಾಡ್ತದ ಅನ್ನಾಕ ಇದಕ್ಕಿಂತ ಸಾಕ್ಷಿ ಬೇಕ?

ಮಲಪ್ರಭಾ (ಸವದತ್ತಿ)

ಬೇಕ್ರಿ ಅಣ್ಣಾರ. ಒಂದ ಊರು, ಫೋಟೊದ ಒಂದೊಂದು ಬಗೀಗೆ ಬರೋ ಪಾಕೀಟು ನಲವತ್ತರ ಆಸುಪಾಸು. ದಾರಿ ತೋರಿಸೋ ಲೆಕ್ಕ ಅದು, ಕಟ್ಟಕಡೀದಲ್ಲ. ಇನ್ನೊಂದು ಮಾತು, ಆ ಸಾಲಿನ ಬಾಲ ನೀವ ಓದಿರಿ: ಅಜ್ಜ ಅಜ್ಜಿ ಫೋಟೊದ್ದು 28. ಹಿರೇರು ಕಳಕೊಂಡ ರೊಕ್ಕ ರೊಕ್ಕ ಅಲ್ಲೇನು? ಮುದ್ದು ಮಂದೀನ ಪ್ರಾಮಾಣಿಕ ಮಾಡಲಿಲ್ಲ, ಯಾರ ಕಡೆ ಪ್ರಾಮಾಣಿಕ ಇರಬೇಕು ಅನ್ನೋದನ್ನ ಆರಿಸಿಕೊಡ್ತು. ಬಿಳಿಜೋಳ ಅವ್ರ ಎಂಟು ತಿಂಗಳ ನಾಯಿಗೆ ಫೋನ್ ಬರದಿರೋದೂ ಇದ.

ಇದರ ಮ್ಯಾಲ ವಾದಾನೂ ಐತಿ. ಮುದ್ದು ಕಂಡ್ರ ಏಳೋದು ಜೋಪಾನ ಮಾಡೋ ಬುದ್ಧಿ ಅಂತ ಲೊರೆನ್ಜ್. ಅಲ್ಲ, ಏಳೋದು ಒಡನಾಟದ ಆಸಿ, ಆಡಸೋದು, ಮಾತಾಡಸೋದು, ಮುಟ್ಟೋದು ಅಂತ 2011ರಾಗ ಶರ್ಮನ್ ಮತ್ತ ಹೈಟ್ ಬರದ್ರು. ನನಗ ಎರಡನೇದು ಹೆಚ್ಚು ಒಪ್ಪಿಗಿ. ಕುನ್ನಿ ಕಂಡ್ರ ಮಂದಿ ಮೊದಲು ಮಾಡೋದೇನು? ಎತ್ತತಾರ, ಮೂತಿ ಹಿಡದು ಮಾತಾಡ್ತಾರ, ಸೆಲ್ಫಿ ತಗೀತಾರ. ಜಂತಿನ ಔಷಧಿ ಹಾಕಸ್ಯಾರೇನು ಅಂತ ಕೇಳೋದು ಆಮ್ಯಾಲ, ಕೇಳಿದ್ರ. ಮಾತಾಡಿಸೋದು ಒಂದು ಗಳಿಗಿ, ಸಾಕೋದು ಹದಿಮೂರು ವರ್ಷ.

ಶ್ವಾನಮಿತ್ರ (ಮುಧೋಳ)

ಮಲಪ್ರಭಾ ಅವ್ರ ಮಾತಿಗೆ ವಯಸ್ಸಿನ ಲೆಕ್ಕ ಸೇರಸ್ತೀನಿ.

ನಾಯಿಮರಿ ಯಾವ ವಾರದಾಗ ಮನುಷ್ಯಾರ ಕಣ್ಣಿಗೆ ಎಲ್ಲಕ್ಕಿಂತ ಮುದ್ದು ಅನ್ನೋದನ್ನ 2018ರಾಗ ಕ್ಲೈವ್ ವಿನ್ ತಂಡ ಅಳೀತು. ಮೂರು ತಳಿ, ಹುಟ್ಟಿದ ಹೊಸದರಿಂದ ಪ್ರಾಯದ ತನಕದ ಫೋಟೊ. ಕೇನ್ ಕೊರ್ಸೊ ತಳಿಗೆ 6.3 ವಾರ, ಜ್ಯಾಕ್ ರಸೆಲ್‌ಗೆ 7.7, ಬಿಳಿ ಶೆಫರ್ಡ್‌ಗೆ 8.3. ತಾಯಿ ಮೊಲಿ ಬಿಡಸೋ ಹೊತ್ತೂ ಇದ. ತಾಯಿ ಕೈಬಿಡೋ ವಾರಕ್ಕ ಸರಿಯಾಗಿ ಮನುಷ್ಯಾರ ಕೈಗೆ ಬೀಳೂಹಂಗ ಮಾರಿ ಅರಳಿರ್ತೈತಿ.

ಇಷ್ಟಕ್ಕ ಎಲ್ಲಾ ಬರೋಬ್ಬರಿ ಆಗಬೇಕಿತ್ತು, ಆಗಂಗಿಲ್ಲ. ಕೋಲ್ಕತ್ತಾದ ಐಸರ್ ಅನ್ನೋ ವಿಜ್ಞಾನ ಸಂಸ್ಥೆಯವ್ರು ಬಂಗಾಳದ ಬೀದಿನಾಯಿಗಳ 364 ಮರಿ ಬೆನ್ನು ಹತ್ತಿ ನೋಡ್ಯಾರ. ಏಳನೇ ತಿಂಗಳ ತನಕ ಉಳದದ್ದು ನೂರಕ್ಕ 19. ಸಾವಿನಾಗ ನೂರಕ್ಕ 63 ಮನುಷ್ಯಾರ ದೆಸೆಯಿಂದ. ಗಾಡಿ ಹಾಯೋದು, ವಿಷ, ಹೊಡತ, ಮತ್ತ ಮುದ್ದಂತ ಎತ್ತಿಕೊಂಡು ಹೋಗೋದೂ ಆ ಲೆಕ್ಕದಾಗ ಬರ್ತೈತಿ.

ತಪ್ಪು ಎಲ್ಲಿ ಆಗ್ತೈತಿ ಅಂದ್ರ, ನಾಲ್ಕನೇ ವಾರದ ಮರಿ ಕಣ್ಣು ತೆರದು ಓಡ್ಯಾಡ್ತಿರ್ತೈತಿ, "ದೊಡ್ಡದಾತು" ಅಂತ ಎತ್ತಿಕೊಂಡು ಹೋಗ್ತಾರ. ಅವತ್ತಿಗೆ ಅದು ಅರ್ಧ ಮೊಲಿಹಾಲಿನ ಮ್ಯಾಲ ಇರ್ತೈತಿ. ಎಮ್ಮಿ ಹಾಲು ಹಾಕಿ ಭೇದಿ ಹಚ್ಚಸ್ತಾರ. ಒಡಹುಟ್ಟಿದವ್ರ ಜೋಡಿ ಕಚ್ಚಾಡಿ "ಇಷ್ಟು ಕಚ್ಚಿದ್ರ ನೋವಾಗ್ತೈತಿ" ಅಂತ ಕಲಿಯೋದು ಐದರಿಂದ ಎಂಟನೇ ವಾರದಾಗ. ಅದನ್ನ ಕಲೀದ ಮರಿ ಮುಂದ ಮನ್ಯಾಗ ಕೈ ಕಚ್ಚಾಕ ಹತ್ತತೈತಿ, ಆವಾಗ ಬೈಗುಳ. ಎಂಟು ವಾರ ತುಂಬೂತನಕ ತಾಯಿ ಜೋಡಿನ ಬಿಡ್ರಿ. ಜಂತಿನ ಔಷಧಿ ಎರಡನೇ ವಾರದಿಂದ ಎರಡು ವಾರಕ್ಕೊಮ್ಮಿ, ತೂಕ ನೋಡಿ. ಪಾರ್ವೊ, ಡಿಸ್ಟೆಂಪರ್ ಅನ್ನೋ ಮರಿ ಕೊಲ್ಲೋ ರೋಗದ ಲಸಿಕಿ ಆರರಿಂದ ಎಂಟನೇ ವಾರಕ್ಕ ಶುರು, ಮೂರು ನಾಲ್ಕು ವಾರಕ್ಕೊಂದರಂತೆ 16ನೇ ವಾರದ ತನಕ. ರೇಬೀಸ್ ಲಸಿಕಿ ಮೂರು ತಿಂಗಳಿಗೆ. ಮೊದಲ ಸೂಜಿಗೆ ಎಲ್ಲಾ ಮುಗೀತು ಅಂತ ಮರೀನ ಸಂತ್ಯಾಗ ತಿರುಗಸ್ತಾರ, ಪಾರ್ವೊ ಹತ್ತೋದು ಅಲ್ಲೆ.

ಸಾಕಿದ ಮರೀನ ಮಂದಿ ಬೀದಿಗೆ ಬಿಡೋದು ಯಾವಾಗ? ನಾಲ್ಕರಿಂದ ಏಳು ತಿಂಗಳ ನಡುವ. ಹಾಲಹಲ್ಲು ಬಿದ್ದು ಹೊಸ ಹಲ್ಲು ಬರೋ ಕಾಲ, ಚಪ್ಪಲಿ, ಚಾಪಿ, ಚಾರ್ಜರಿನ ವೈರು ಎಲ್ಲಾ ಕಡೀತೈತಿ. ಅದೇ ಹೊತ್ತಿಗೆ ಮೂತಿ ಉದ್ದಾಗಿ, ಕಾಲು ಬೆಳದು, ಮಾರಿಯ ಅಚ್ಚು ಕರಗಿರ್ತೈತಿ. ತಂಟಿ ಏರಿದಾಗ ಮುದ್ದು ಇಳದಿರ್ತೈತಿ. ಮೊದಲ ಮುದ್ದು ಆ ತಂಟೀನ ಮುಚ್ಚಿಕೊಂಡಿತ್ತು, ಅಷ್ಟ.

ತೊರವಿ ದಾರಿ (ವಿಜಯಪುರ)

ಒಂದು ಎಚ್ಚರಿಕಿ, ದೊಡ್ಡ ಅಕ್ಷರದಾಗ ಓದ್ಕೋರಿ. ಕುನ್ನಿ ಕಚ್ಚಿದ್ರ "ಅಯ್ಯೋ, ಸಣ್ಣದು, ಆಟಕ್ಕ ಕಚ್ಚಿತು" ಅಂತ ಬಿಡ್ತಾರ. ಎರಡು ತಿಂಗಳ ಮರಿಗೂ ರೇಬೀಸ್ ಇರಬಹುದು. ಮುದ್ದು ಮೂತಿ ನೋಡಿ ಯಾವ ವೈರಸ್ಸೂ ವಾಪಸ್ ಹೋಗಂಗಿಲ್ಲ. ಹಲ್ಲು ತಾಗಿ ತೊಗಲು ಗೀರಿದ್ರೂ ಸೈ, ಹರಿಯೋ ನೀರಾಗ ಸಾಬೂನು ಹಚ್ಚಿ ಗಡಿಯಾರ ನೋಡಿ 15 ನಿಮಿಷ ತೊಳೀರಿ. ಅರಿಷಿಣ, ಸುಣ್ಣ, ಖಾರಪುಡಿ ಹಚ್ಚಬ್ಯಾಡ್ರಿ, ಪಟ್ಟಿ ಕಟ್ಟಬ್ಯಾಡ್ರಿ. ಅವತ್ತ ಸರಕಾರಿ ದವಾಖಾನಿಗೆ ಹೋಗ್ರಿ. ತೊಗಲಿನಾಗ ಕೊಡೋ ಸೂಜಿ ಇದ್ರ 0, 3, 7, 28ನೇ ದಿನ. ರಕ್ತ ಬಂದಿದ್ರ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ತಡಿಯೋ ತಯಾರ ಪ್ರತಿಕಾಯದ ಸೂಜಿ) ಹಾಕಬೇಕಾಗ್ತದ, ಅದನ್ನ ಕೇಳಿ ಹಾಕಿಸಿಕೋರಿ. ಹುಡುಗ್ರು ಕಚ್ಚಿದ್ದನ್ನ ಮನ್ಯಾಗ ಹೇಳಂಗಿಲ್ಲ, ಕುನ್ನಿಗೆ ಹೊಡೀತಾರ ಅಂತ ಹೆದರಿ. "ಮರಿ ಕಚ್ಚಿದ್ರ ನಿನಗೂ ಬೈಯಂಗಿಲ್ಲ, ಮರಿಗೂ ಹೊಡಿಯಂಗಿಲ್ಲ" ಅಂತ ಮೊದಲ ಮಾತು ಕೊಟ್ಟಿರ್ರಿ.

ಕುಂದಾ ಕರದಂಟು (ಬೆಳಗಾವಿ)

ಕಚ್ಚೋ ಮಾತು ಬಂತು, ಉಲ್ಟಾ ಕೇಳ್ತೀನಿ. ಕೂಸು ಕಂಡ್ರ ನಮ್ಮ ಮಂದಿ ಗಲ್ಲ ಹಿಂಡ್ತಾರ, "ಕಚ್ಚಿ ತಿಂದ ಬಿಡ್ಲೇನು" ಅಂತಾರ. ಪ್ರೀತಿ ಇದ್ದಲ್ಲಿ ಹಿಂಡೋದ್ಯಾಕ?

ಮಲಪ್ರಭಾ (ಸವದತ್ತಿ)

ಇದಕ್ಕ ಫಿಲಿಪೀನ್ಸ್ ಮಂದಿ "ಗಿಗಿಲ್" ಅಂತ ಒಂದ ಶಬ್ದಾನ ಇಟ್ಟಾರ. ಯೇಲ್ ವಿಶ್ವವಿದ್ಯಾಲಯದಾಗ ಒರಿಯಾನಾ ಅರಾಗೊನ್ ಇದರ ಮ್ಯಾಲ ಕೆಲಸ ಮಾಡ್ಯಾರ, ಪ್ರಬಂಧ 2015ರದ್ದು. ಸಂತೋಷ ಮೈಮೀರಿ ಬಂದಾಗ ಮನಸ್ಸು ಅದರ ವಿರುದ್ಧದ ಚಹರಿ ಹೊರಗ ಹಾಕಿ ತನ್ನನ್ನ ತಾನು ತಂಪು ಮಾಡ್ಕೊತೈತಿ. ಮಗಳ ಮದವ್ಯಾಗ ಖುಷಿಗೆ ಕಣ್ಣೀರು ಬರೋದೂ ಇದ ಜಾತಿ. ಹಲ್ಲು ಕಡದು "ಹಿಂಡಬೇಕು" ಅನಿಸಿದವ್ರು ಲಗೂನ ಸಮಾಧಾನಕ್ಕ ಬಂದ್ರು ಅಂತ ಅವರ ಲೆಕ್ಕ. 2018ರಾಗ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಾಗ 54 ಮಂದಿ ತಲಿಗೆ ವಿದ್ಯುದ್ವಾರ ಹಚ್ಚಿ ನೋಡಿದಾಗ, ಈ ಹಿಂಡೋ ಆಸಿ ಹೆಚ್ಚಿದ್ದವರ ಮಿದುಳಿನಾಗ ಭಾವನೆಯ ಮಿಡಿತವೂ ಬಹುಮಾನದ ಮಿಡಿತವೂ ಎರಡೂ ಹೆಚ್ಚಿದ್ವು. ನೋವು ಕೊಡಬೇಕು ಅನ್ನೋ ಇಚ್ಛಾ ಅಲ್ಲ ಇದು, ಯಾರೂ ತಪ್ಪು ತಿಳೀಬ್ಯಾಡ್ರಿ.

ನಮ್ಮ ಹಿರೇ ಹೆಣ್ಮಕ್ಕಳು ಇದಕ್ಕ ಬ್ಯಾರೆ ದಾರಿ ಮಾಡಿಟ್ಟಾರ. ಕೂಸಿನ ಗಲ್ಲ ಸವರಿ, ಕೈ ತಮ್ಮ ಕಣತಲಿಗೆ ಒತ್ತಿ ಲಟಿಗಿ ಮುರೀತಾರ. ಒತ್ತೋ ಜೋರು ಪೂರಾ ತಮ್ಮ ಬೆರಳಿನ ಮ್ಯಾಲ, ಕೂಸಿಗೆ ಸವರಿದ್ದಷ್ಟ. ನದರು ಹೋಗ್ತೈತೋ ಇಲ್ಲೋ, ಕೂಸಿನ ಗಲ್ಲ ಅಂತೂ ಉಳೀತೈತಿ.

ಇಳಕಲ್ ಸೆರಗು (ಬಾಗಲಕೋಟೆ ಜಿಲ್ಲಾ)

ಲಟಿಗಿ ಸೈ. ಆದ್ರ ತೊಟ್ಲದಾಗ ಹಾಕೋ ದಿವಸ ಬಂದವ್ರೆಲ್ಲಾ ಬಾಯಿಗೆ ಮುತ್ತು ಕೊಡೋದು ನಿಲ್ಲಬೇಕು. ಮೂರು ತಿಂಗಳೊಳಗಿನ ಕೂಸಿಗೆ ದೊಡ್ಡವರ ನೆಗಡಿ, ನಾಯಿಕೆಮ್ಮು, ತುಟಿ ಮ್ಯಾಲಿನ ನೀರಗುಳ್ಳಿ ಇವು ಸಣ್ಣ ರೋಗ ಅಲ್ಲ. ನೀರಗುಳ್ಳಿಯ ಹರ್ಪಿಸ್ ವೈರಸ್ ಹಸುಕೂಸಿನ ಮಿದುಳಿಗೂ ಏರಬಹುದು. "ಪಾದ ಮುಟ್ಟಿ ಆಶೀರ್ವಾದ ಮಾಡ್ರಿ" ಅಂತ ಬಾಗಲಾಗ ನಿಂತ ಸ್ವಾದರತ್ತಿ ಹೇಳಿದ್ರ ಯಾರಿಗೂ ಸಿಟ್ಟು ಬರಂಗಿಲ್ಲ. ಬಾಣಂತಿ ಹೇಳಿದ್ರ ಬರ್ತೈತಿ, ಯಾಕೋ.

ಕುಂಚಿಗಿ ಬಗ್ಗೆ ಯಾರೂ ಬರೀಲಿಲ್ಲ, ನಾನ ಬರೀತೀನಿ. ಗುಳೇದಗುಡ್ಡ ಖಣದ ಕುಂಚಿಗಿ ಹೊದಿಸಿದ ಕೂಸು ನೋಡ್ರಿ. ಟೊಪ್ಪಿಗಿ ಭಾಗ ಕಿವಿ, ಕುತ್ತಿಗಿ ಎರಡೂ ಮುಚ್ಚತೈತಿ, ಬಟ್ಟಿ ಹೆಗಲಮ್ಯಾಲಿಂದ ಕಾಲತನಕ ಇಳೀತೈತಿ. ಅಂಚಿನ ಪಟ್ಟಿ ಮಾರಿಯ ಸುತ್ತ ದುಂಡಕ ಚೌಕಟ್ಟು ಹಾಕತೈತಿ. ಕುತ್ತಿಗಿ ಕಾಣದಿದ್ರ ತಲಿ ದೊಡ್ಡದು, ಕೈಕಾಲು ಕಾಣದಿದ್ರ ಮೈ ಮೋಟು. ಮ್ಯಾಲ ಕಾಡಿಗಿ ಹಚ್ಚಿದ್ರ ಕಣ್ಣು ಇಷ್ಟಗಲ. ಲೊರೆನ್ಜ್ ಬರದ ಪಟ್ಟಿ ಪೂರಾ ನಮ್ಮ ಸಿಂಪಿಗ್ಯಾರು ಹೊಲದಿಟ್ಟಾರ. ಅದ ಕೂಸಿನ ಗಲ್ಲಕ್ಕ ಕರಿ ಬೊಟ್ಟು ಇಟ್ಟು ಚಂದ ಸ್ವಲ್ಪ ಕೆಡಸೋರೂ ನಾವ.

ಕಾಡಿಗಿ ಮಾತ್ರ ಕಣ್ಣೊಳಗ ಹಚ್ಚಬ್ಯಾಡ್ರಿ. ಪ್ಯಾಟಿಯ ಕೆಲವು ಕಾಡಿಗಿ, ಸುರ್ಮಾದಾಗ ಸೀಸ ಸಿಕ್ಕೈತಿ. ಕೂಸು ಕಣ್ಣು ಉಜ್ಜಿ ಅದ ಬೆರಳು ಬಾಯಾಗ ಇಡತೈತಿ. ನೆದರಿನ ಬೊಟ್ಟು ಅಂಗಾಲಿಗೆ ಇಟ್ರೂ ನಡೀತೈತಿ.

ಶ್ವಾನಮಿತ್ರ (ಮುಧೋಳ)

ಈಗ ನಮ್ಮೂರ ನಾಯಿ ವಿಷಯಕ್ಕ. ಮುಧೋಳ ನಾಯಿ ಮಾರಿ ಈ ಅಚ್ಚಿಗೆ ಪಕ್ಕಾ ಉಲ್ಟಾ. ತಲಿ ಉದ್ದ, ಸಪೂರ, ಹಣಿ ಚಪ್ಪಟಿ, ದವಡಿ ಗಟ್ಟಿ, ಎದಿ ಆಳ, ಹೊಟ್ಟಿ ಬೆನ್ನಿಗೆ ಹತ್ತಿದ್ದು, ಗಂಡು ನಿಂತ್ರ ಹೆಗಲು ಸುಮಾರು 70 ಸೆಂಟಿಮೀಟರ್. ಓಡಾಕ ಹುಟ್ಟಿದ ಮೈ. 2005ರಾಗ ಅಂಚೆ ಇಲಾಖೆ ಇದರ ಚೀಟಿ ತಂತು, 2016ರಾಗ ಮರಿಗಳು ಸೈನ್ಯದ ತರಬೇತಿಗೆ ಮೀರತ್‌ಗೆ ಹೋದ್ವು, ತಿಮ್ಮಾಪುರದಾಗ ಇದಕ್ಕಂತ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರಾನ ಐತಿ. ಎಲ್ಲಾ ಮೆಚ್ಚಿಗಿ, ಹೆಮ್ಮಿ ಐತಿ, ಆದ್ರ "ಅಯ್ಯ, ಮುದ್ದು" ಅನ್ನೋರು ಕಡಿಮಿ. ಮೆಚ್ಚೋದು ಬ್ಯಾರೆ, ಮುದ್ದು ಮಾಡೋದು ಬ್ಯಾರೆ.

ಪಗ್ ನೋಡ್ರಿ. ದುಂಡ ತಲಿ, ಮುಂದ ಬಂದ ಕಣ್ಣು, ಮೂಗು ಇಲ್ಲದಷ್ಟು ಸಣ್ಣದು. ಹುಟ್ಟಿದಾಗಿನ ಮಾರಿ ಮುಪ್ಪಿನ ತನಕ ಹಂಗ ಉಳೀಲಿ ಅಂತ ತಲಿಮಾರುಗಟ್ಟಲೆ ಆರಿಸಿ ಆರಿಸಿ ಕೂಡಿಸಿದ್ದು. ಜಾಹೀರಾತಿನಾಗ ಬಂದ ಮ್ಯಾಲ ಕೇಳೋದ ಬ್ಯಾಡ. ಆ ಚಂದಕ್ಕ ರೊಕ್ಕ ಕೊಡೋದು ನಾಯಿ. ನಾಯಿ ಮೈತುಂಬ ಬೆವರಂಗಿಲ್ಲ, ಏದುಸಿರು ಬಿಟ್ಟು ಮೂಗು, ನಾಲಿಗಿಯ ತೇವದಾಗ ಮೈ ತಂಪು ಮಾಡ್ಕೊತೈತಿ. ಎಲುಬು ಗಿಡ್ಡಾತು, ಒಳಗಿನ ಮೆತ್ತನ ಮಾಂಸ ಮಾತ್ರ ಮೊದಲಿನಷ್ಟ ಉಳೀತು. ಮೂಗಿನ ಹೊಳ್ಳಿ ಸಂದಿ, ಹಿಂದಿನ ಅಂಗಳ (ಬಾಯಿಯ ಮ್ಯಾಲಿನ ಚಾವಣಿ) ಉದ್ದಾಗಿ ಗಂಟಲಿಗೆ ಅಡ್ಡ ಬರ್ತೈತಿ. ಮಂದಿ ಕೇಳಿ ನಗೋ ಆ ಗೊರಕಿ ಮುದ್ದಿನ ಸಪ್ಪಳ ಅಲ್ಲ, ಉಸುರಿಗೆ ಒದ್ದ್ಯಾಡೋ ಸಪ್ಪಳ. ನಮ್ಮ ಕಡೆ ಬ್ಯಾಸಗಿ 40 ಡಿಗ್ರಿ ದಾಟತೈತಿ. ಬೆಳಿಗ್ಗೆ ಏಳರ ಒಳಗ, ಸಂಜಿ ಏಳರ ಮ್ಯಾಲ ಬಿಟ್ಟು ಅಡ್ಡ್ಯಾಡಿಸಬ್ಯಾಡ್ರಿ. ಕೊಳ್ಳಪಟ್ಟಿ ಬದಲು ಎದಿಪಟ್ಟಿ ಹಾಕ್ರಿ. ತೂಕ ಏರಿಸಬ್ಯಾಡ್ರಿ. ನಾಲಿಗಿ ನೀಲಿ ತಿರುಗಿದ್ರ, ತೂರಾಡಿದ್ರ ತಣ್ಣೀರು ಮೈಮ್ಯಾಲ ಸುರುವಿ, ಫ್ಯಾನ್ ಹಚ್ಚಿ, ಡಾಕ್ಟರ ಕಡೆ ಒಯ್ಯಿರಿ. ಕಣ್ಣು ಮುಂದ ಇರೋದರಿಂದ ಗೀರು ಬಿದ್ದು ಹುಣ್ಣಾಗೋದೂ ಹೆಚ್ಚು. ಕಣ್ಣು ಅರ್ಧ ಮುಚ್ಚಿಕೊಂಡು ನೀರು ಸುರಿಸಿದ್ರ "ಅಳತೈತಿ ಪಾಪ" ಅಂತ ವಿಡಿಯೊ ಮಾಡ್ಕೊಂತ ಕೂಡಬ್ಯಾಡ್ರಿ, ಅವತ್ತ ತೋರಿಸ್ರಿ.

ಗುಮ್ಮಟದ ಪಾರಿವಾಳ (ವಿಜಯಪುರ)

ಅಂದ್ರ ನಾಯಿನ ನಮ್ಮನ್ನ ಮರುಳ ಮಾಡಾಕ ಮಾರಿ ಬದಲಿಸ್ಕೊಂಡ್ವು ಅನ್ರಿ!

ಶ್ವಾನಮಿತ್ರ (ಮುಧೋಳ)

ನಗಿ ಮಾತಲ್ರಿ. 2019ರಾಗ ಜೂಲಿಯಾನೆ ಕಾಮಿನ್ಸ್ಕಿ ತಂಡ ನಾಯಿ, ತೋಳ ಎರಡರ ಮಾರಿ ಸೀಳಿ ಸ್ನಾಯು ಹೋಲಿಸಿತು. ಹುಬ್ಬಿನ ಒಳತುದಿ ಮ್ಯಾಲ ಎತ್ತೋ ಸ್ನಾಯು ನಾಯಿಗೆ ಗಟ್ಟಿ ಐತಿ, ತೋಳಕ್ಕ ಎಳಿ ಎಳಿ ಅಷ್ಟ. ಹುಬ್ಬು ಎತ್ತಿದಾಗ ಕಣ್ಣು ದೊಡ್ಡದಾಗಿ, ಅಳೂಹಂಗ ಕಾಣ್ತೈತಿ. ಅದಕ್ಕೂ ಮೊದಲು, 2013ರಾಗ, ಆಶ್ರಯಧಾಮದ ನಾಯಿ ಎರಡು ನಿಮಿಷದಾಗ ಎಷ್ಟು ಸಲ ಹುಬ್ಬು ಎತ್ತತಾವ ಅಂತ ಎಣಿಸಿದ್ರು. ಐದು ಸಲ ಎತ್ತಿದ್ದಕ್ಕ ಮನಿ ಸಿಗಾಕ ಸುಮಾರು 50 ದಿನ, ಹದಿನೈದು ಸಲ ಎತ್ತಿದ್ದಕ್ಕ ಸುಮಾರು 28 ದಿನ. ಬಾಲ ಅಲ್ಲಾಡಿಸಿದ್ದು ಕೆಲಸಕ್ಕ ಬರಲಿಲ್ಲ.

ಮಲಪ್ರಭಾ (ಸವದತ್ತಿ)

ನಾಯಿ ಮಾತು ಸಾಕು ಮಾಡಿ ಒಂದು ಕಹಿ ಮಾತು ಹೇಳಬೇಕಾಗೈತಿ. ಅಚ್ಚಿಗೆ ಹೊಂದದ ಕೂಸಿನ ಗತಿ ಏನು?

1995ರಾಗ ಜುಡಿತ್ ಲ್ಯಾಂಗ್ಲಾಯ್ಸ್ ತಂಡ ಹೆರಿಗಿ ವಾರ್ಡಿನಾಗ ತಾಯಂದಿರನ್ನ ಗಮನಿಸಿತು. ಚಂದ ಕಾಣೋ ಕೂಸಿನ ತಾಯಿ ಹೆಚ್ಚು ಮುದ್ದು ಮಾಡಿದ್ರು, ಆಡಿಸಿದ್ರು. ಅಷ್ಟು ಚಂದ ಅನಿಸದ ಕೂಸಿನ ತಾಯಿ ಹಾಲು, ಬಟ್ಟಿ ಯಾವುದಕ್ಕೂ ಕಡಿಮಿ ಮಾಡಲಿಲ್ಲ, ಆದ್ರ ಕಣ್ಣು ಕೂಸಿನ ಮ್ಯಾಲಿಂದ ಆಚೀಚೆ ಹೆಚ್ಚು ಹೋಗ್ತಿತ್ತು. ತಾಯಿಯ ತಪ್ಪಲ್ಲ, ಗೊತ್ತಾಗಿ ಮಾಡಿದ್ದೂ ಅಲ್ಲ. 2013ರಾಗ ಪಾರ್ಸನ್ಸ್ ತಂಡ ಸೀಳು ತುಟಿ ಕೂಸಿನ ಫೋಟೊ ತೋರಿಸಿದಾಗ, ಮ್ಯಾಲೆ ಘಟಪ್ರಭಾ ದಂಡಿ ಅವ್ರು ಬರದ ಆ 130 ಮಿಲಿಸೆಕೆಂಡಿನ ಗಂಟಿ ಮೆಲ್ಲಗಾತು.

ನಮ್ಮ ಕಡೆ ಇದಕ್ಕ "ಗ್ರಹಣ ಹಿಡದೈತಿ" ಅಂತಾರ, ಕೂಸಿನ ಮಾರಿಗೆ ಸೆರಗು ಮುಚ್ಚತಾರ. ಮುಚ್ಚಿದಷ್ಟು ಮಂದಿ ಮಾತಾಡಿಸೋದು ಕಡಿಮಿ ಆಗ್ತೈತಿ. ಕಣ್ಣಿಗೆ ಕಣ್ಣು ಕೂಡಿಸಿ ಮಾತಾಡಿಸಿದ್ರ ಕೂಸು ಕಲಿಯೋದು. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಬಸುರಿನ ನಾಲ್ಕನೇ ವಾರದಿಂದ ಎರಡು ಮೂರು ತಿಂಗಳೊಳಗ ತುಟಿ, ಅಂಗಳ ಎರಡೂ ಕಡೆಯಿಂದ ಬೆಳದು ಕೂಡಬೇಕು, ಕೂಡದಿದ್ರ ಸೀಳು ಉಳೀತೈತಿ.

ಮಾಡಬೇಕಾದ್ದು ಮೊದಲು ಹಾಲಿಂದು. ಅಂಗಳ ಸೀಳಿದ್ರ ಕೂಸಿಗೆ ಎಳದು ಕುಡಿಯಾಕ ಆಗಂಗಿಲ್ಲ. ಹಾಲು ಹಿಂಡಿ, ಕೂಸಿನ ತಲಿ ಎತ್ತರಕ್ಕ ಹಿಡದು ಒಳಲಿ ಇಲ್ಲಾ ಸಣ್ಣ ಚಮಚದಿಂದ ಗಲ್ಲದ ಒಳಬದಿಗೆ ತಟಕ ತಟಕ ಬಿಡ್ರಿ. ಮಲಗಿಸಿ ಹಾಕಿದ್ರ ಮೂಗಿನಾಗ, ಕಿವ್ಯಾಗ ಹೋಗ್ತೈತಿ. ಮೇಲಿಂದ ಮೇಲೆ ಹೆಗಲಿಗೆ ಹಾಕಿ ತೇಗಿಸ್ರಿ, ಗಾಳಿ ಬಹಳ ನುಂಗಿರ್ತೈತಿ. ವಾರವಾರ ತೂಕ ಬರದಿಡ್ರಿ. ತುಟಿಯ ಆಪರೇಷನ್ ಸಾಮಾನ್ಯ ಮೂರರಿಂದ ಆರು ತಿಂಗಳಿಗೆ, ಅಂಗಳದ್ದು ಒಂಬತ್ತರಿಂದ ಹದಿನೆಂಟು ತಿಂಗಳಿಗೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಾಗ ಇದು ಪುಕ್ಕಟೆ ಐತಿ. ಆಶಾ ಕಾರ್ಯಕರ್ತೆಗೆ ಇಲ್ಲಾ ಅಂಗನವಾಡಿ ಅಕ್ಕಾರಿಗೆ ಹೇಳಿದ್ರ ಜಿಲ್ಲಾ ಆಸ್ಪತ್ರಿಗೆ ಚೀಟಿ ಆಗ್ತೈತಿ. ತೂಕ ಬರದಿದ್ರ, ರಕ್ತ ಕಡಿಮಿ ಇದ್ರ ಆಪರೇಷನ್ ಮುಂದ ಹಾಕ್ತಾರ, ಹಂಗಾಗಿ ಹಾಲಿಂದನ್ನ ಮೊದಲು ಬರದೆ.

ತಿಂಗಳು ತುಂಬದ ಕೂಸಿಗೂ ಇದ ತ್ರಾಸು. ತಲಿ ಉದ್ದಕ, ಗಲ್ಲದಾಗ ಕೊಬ್ಬು ಇಲ್ಲ. ತುಂಬಿ ಹುಟ್ಟಿದ ಕೂಸೂ ಹೊಸದರಾಗ ಅಷ್ಟು ಮುದ್ದಿರಂಗಿಲ್ಲ, ಆರು ತಿಂಗಳ ಹೊತ್ತಿಗೆ ಮಾರಿ ತುಂಬತೈತಿ ಅಂತ ಕೆನಡಾದ ಪ್ರಯೋಗದಾಗ ಕಂಡೈತಿ. ಕಣ್ಣು ಕೈಕೊಟ್ಟಲ್ಲಿ ತೊಗಲು, ಮೂಗು ಕೆಲಸ ಮಾಡ್ತಾವ. ಎದಿಗೆ ಬರಿಮೈ ಹಚ್ಚಿ ಕಾಂಗರೂ ಆರೈಕಿ ಮಾಡಸೋದು ಬರೇ ಬೆಚ್ಚಗಿಡಾಕಲ್ಲ. ಕೂಸಿನ ನೆತ್ತಿ ಮೂಸೋ ಅಜ್ಜಿಗೆ ಇದನ್ನ ಯಾರೂ ಕಲಿಸೋದು ಬೇಕಾಗಿಲ್ಲ.

ಕುಂದಾ ಕರದಂಟು (ಬೆಳಗಾವಿ)

ಕೂಸಿನ ಮಾರಿ ಇರೋ ದೊಡ್ಡವರ ಕಥಿ ಏನ್ರಿ? ದುಂಡ ಮಾರಿ, ದೊಡ್ಡ ಕಣ್ಣಿನ ಮಂದಿ ಇರ್ತಾರಲ್ಲ.

ಘಟಪ್ರಭಾ ದಂಡಿ (ಗೋಕಾಕ)

ಲೆಸ್ಲಿ ಜೆಬ್ರೊವಿಟ್ಜ್ ಅನ್ನೋ ಮನಶ್ಶಾಸ್ತ್ರಜ್ಞೆ ಜೀವಮಾನ ಪೂರಾ ಇದನ್ನ ನೋಡ್ಯಾರ. ಅಂಥವ್ರನ್ನ ಮಂದಿ ಸಾದಾ, ಪ್ರಾಮಾಣಿಕ, ಸ್ವಲ್ಪ ದಡ್ಡ ಅಂತ ತಿಳೀತಾರ. 1991ರಾಗ ಅಮೆರಿಕದ ಸಣ್ಣ ದಾವೆ ಕೋರ್ಟಿನ ತೀರ್ಪು ತಾಳೆ ಹಾಕಿದ್ರು. ಬೇಕಂತ ಮೋಸ ಮಾಡ್ಯಾರ ಅನ್ನೋ ದಾವೆ ಇದ್ರ ಕೂಸಿನ ಮಾರಿಯವ್ರು ಹೆಚ್ಚು ಪಾರಾದ್ರು. ಅಜಾಗ್ರತಿ ಮಾಡ್ಯಾರ ಅನ್ನೋ ದಾವೆ ಇದ್ರ ಹೆಚ್ಚು ಸಿಕ್ಕಿಬಿದ್ರು. "ಈ ಮಾರಿ ಮೋಸ ಮಾಡಂಗಿಲ್ಲ, ಮರೀತೈತಿ" ಅನ್ನೋ ಲೆಕ್ಕ. ಕೆಲಸಕ್ಕ ಆರಿಸೋವಾಗ ಫೋಟೊ ಮುಚ್ಚಿ ಅರ್ಜಿ ಓದೋದು ಇದಕ್ಕ ಒಳ್ಳೆಯದು.

ಒಳ್ಳೆದೂ ಐತಿ, ಬರೇ ಬೈಕೊಂತ ಕೂಡೋದು ಬ್ಯಾಡ. ಹಿರೋಶಿಮಾದ ಹಿರೋಶಿ ನಿಟ್ಟೊನೊ 2012ರಾಗ ವಿದ್ಯಾರ್ಥಿಗಳಿಗೆ ಚಿಮಟಾ ಕೊಟ್ಟು, ಸಣ್ಣ ಸಣ್ಣ ತೂತಿನಿಂದ ಅಂಚಿಗೆ ತಾಗದಂಗ ಚೂರು ತಗೀರಿ ಅಂದ್ರು. ನಡುವ ಕುನ್ನಿ, ಬೆಕ್ಕಿನಮರಿ ಫೋಟೊ ನೋಡಿದವ್ರ ಕೆಲಸ ಎರಡನೇ ಸಲ ನೂರಕ್ಕ ಸುಮಾರು 44ರಷ್ಟು ಸುಧಾರಿಸ್ತು, ದೊಡ್ಡ ನಾಯಿ ಬೆಕ್ಕು ನೋಡಿದವ್ರದ್ದು ಸುಮಾರು 12ರಷ್ಟು. ಕೈ ಮೆಲ್ಲಗ, ಗಮನ ಒಂದ ಕಡೆ. ಸಣ್ಣ ಪ್ರಯೋಗ, 48 ಮಂದಿ, ಆದ್ರೂ ಸೂಜಿದಾರದ ಕೆಲಸದವ್ರು ಗ್ವಾಡಿಗೆ ಒಂದು ಬೆಕ್ಕಿನಮರಿ ಕ್ಯಾಲೆಂಡರ್ ಹಚ್ಚಿದ್ರ ಹಾನಿ ಏನಿಲ್ಲ.

ಬಿಳಿಜೋಳ (ವಿಜಯಪುರ)

ಭಾಳ ಛಲೋ ಆತು. ಫೋಟೊ ಪ್ರಶ್ನಿ ಹಂಗ ಉಳೀತು ನೋಡ್ರಿ.

ಶ್ವಾನಮಿತ್ರ (ಮುಧೋಳ)

ಬರೀತೀನಿ. ಎಂಟು ತಿಂಗಳ ನಾಯೀನ ಕುನ್ನಿ ಮಾಡಿ ತೋರಸಾಕ ಹೋಗಬ್ಯಾಡ್ರಿ. ಮ್ಯಾಲಿಂದ ಕೆಳಗ, ಗೇಣಿನ ದೂರದಿಂದ ತಗದ್ರ ತಲಿ ದಪ್ಪ, ಕಾಲು ಗಿಡ್ಡ ಬಂದು ಮುದ್ದು ಕಾಣ್ತೈತಿ ಖರೆ. ಒಯ್ಯಾಕ ಬಂದವ್ರು ಖರೇ ನಾಯಿ ನೋಡಿ "ಫೋಟೊದಾಗ ಹಿಂಗ ಇದ್ದಿಲ್ಲ" ಅಂತ ವಾಪಸ್ ಹೋಗ್ತಾರ. ನೀವು ಮೊಣಕಾಲೂರಿ ಕೂಡ್ರಿ, ಫೋನು ನಾಯಿ ಕಣ್ಣಿನ ಎತ್ತರಕ್ಕ ಬರಬೇಕು. ಎರಡು ಮಾರು ದೂರ ಹೋಗಿ ಎರಡು ಪಟ್ಟು ಝೂಮ್ ಮಾಡ್ರಿ, ಮೂಗು ಉಬ್ಬಂಗಿಲ್ಲ. ಬಿಸಲು ಏರೂ ಮೊದಲು, ಗ್ವಾಡಿ ನೆರಳಾಗ, ಬಯಲಿನಾಗ. ಪಂಜರ, ಸರಪಳಿ ಕಾಣಬಾರದು. ಕರಿ ನಾಯಿ ಇದ್ರ ಸುಣ್ಣದ ಗ್ವಾಡಿ ಮುಂದ ನಿಲ್ಲಿಸಬ್ಯಾಡ್ರಿ, ಕ್ಯಾಮರಾ ಬಿಳಿ ನೋಡಿ ನಾಯೀನ ಇನ್ನಷ್ಟು ಕಪ್ಪು ಮಾಡಿ ಕಣ್ಣ ಕಳೀತೈತಿ. ಮಣ್ಣಿನ ಗ್ವಾಡಿ, ಹಸರು ಬೇಲಿ ಛಲೋ. ಪರದಾ ಮ್ಯಾಲ ನಾಯಿ ಕಣ್ಣಿಗೆ ಬೆರಳು ಒತ್ತಿ ಬೆಳಕು ಸ್ವಲ್ಪ ಏರಸ್ರಿ. ಲೊಚ್ ಲೊಚ್ ಅಂತ ಒಮ್ಮೆ ಸಪ್ಪಳ ಮಾಡಿದ್ರ ತಲಿ ವಾರಿ ಮಾಡಿ ನೋಡ್ತೈತಿ, ಹುಬ್ಬು ಏಳ್ತೈತಿ, ಆ ಗಳಿಗಿಗೆ ಒತ್ರಿ. ಮೂರನೇ ಸಲಕ್ಕ ಅದು ನಿಮ್ಮ ಕಡೆ ಹೊಳ್ಳಿ ನೋಡಂಗಿಲ್ಲ. ಒಂದು ಫೋಟೊದಾಗ ಮನುಷ್ಯಾ ಬಾಜು ನಿಂತಿರಬೇಕು, ಎತ್ತರ ತಿಳೀತೈತಿ.

ಒಕ್ಕಣ್ಯಾಗ "ಪಾಪ, ಅನಾಥ" ಬ್ಯಾಡ. ಗಂಡೋ ಹೆಣ್ಣೋ, ವಯಸ್ಸು, ತೂಕ, ಸಂತಾನಹರಣ ಆಗೈತೋ ಇಲ್ಲೋ, ಯಾವ ಲಸಿಕಿ ಯಾವ ತಾರೀಖು, ಹುಡುಗ್ರ ಜೋಡಿ, ಬೆಕ್ಕಿನ ಜೋಡಿ ಹೆಂಗ. "ಹಲ್ಲು ಬದಲಾಗಿ ಮುಗದಾವ, ಚಪ್ಪಲಿ ಕಡಿಯೋ ಕಾಲ ದಾಟೈತಿ" ಅಂತ ಒಂದ ಸಾಲು ಬರೀರಿ. ಕುನ್ನಿಗೆ ಇಲ್ಲದ್ದು ದೊಡ್ಡ ನಾಯಿಗೆ ಇರೋದು ಅದ. ಅಮೆರಿಕದ ಆಶ್ರಯಧಾಮದಾಗ ನೋಡಿದ್ರ, ಮುಖಾಮುಖಿ ಆದಾಗ ಬಂದವ್ರ ಬಾಜು ಬಂದು ಮಲಗೋ ನಾಯಿ, ಆಟಕ್ಕ ಕರದ್ರ ಬರೋ ನಾಯಿ ಹೆಚ್ಚು ಹೋದ್ವು. ಹಂಗಾಗಿ ಭೆಟ್ಟಿಗೆ ಮೊದಲು ಅರ್ಧ ತಾಸು ಓಡಿಸಿ ದಣಿಸಿರ್ರಿ. ಖಾಲಿ ಜಾಗದಾಗ ಭೆಟ್ಟಿ ಮಾಡಸ್ರಿ, ಮೂಸಾಕ ಕಸ ಇದ್ರ ಅದು ಮಂದಿ ಕಡೆ ಬರಂಗಿಲ್ಲ.

ಕುನ್ನಿ ಫೋಟೊ ಹಾಕೋವಾಗ ಬಾಜೂಕ ತಾಯಿ ಫೋಟೊ ಹಾಕ್ರಿ: "ಎಂಟು ತಿಂಗಳಿಗೆ ಇಷ್ಟಾಗ್ತೈತಿ."

ತೊರವಿ ದಾರಿ (ವಿಜಯಪುರ)

ಕೇಳಿದ ದಿನಾನ ಮರಿ ಕೈಗೆ ಕೊಡಬ್ಯಾಡ್ರಿ. ಎರಡು ದಿನ ಬಿಟ್ಟು ತಾವ ಹೊಳ್ಳಿ ಫೋನ್ ಮಾಡಬೇಕು ಅನ್ರಿ. ಹತ್ತು ಮಂದ್ಯಾಗ ಮಾಡೋರು ಇಬ್ರೋ ಮೂವರೋ ಉಳೀತಾರ. ಮನಿ ಮಾಲಕರ ಒಪ್ಪಿಗಿ ಅದ ಏನು, ಹಗಲು ಯಾರು ಇರ್ತಾರ, ಊರಿಗೆ ಹೋದ್ರ ಯಾರ ಕಡೆ ಬಿಡ್ತಾರ, ಇಷ್ಟು ಕೇಳ್ರಿ. ಆರು ತಿಂಗಳಿಗೆ ಸಂತಾನಹರಣ ಮಾಡಸ್ತೀವಿ ಅಂತ ಸಹಿ ತಗೋರಿ.

ಮತ್ತ ಒಂದು. ದತ್ತು ಪೋಸ್ಟರಿಗೆ ಕುನ್ನಿ ಜೋಡಿ ಯಾರದ್ದೋ ಮಕ್ಕಳ ಫೋಟೊ ಹಾಕೋ ಚಾಳಿ ಸುರು ಆಗ್ಯದ. ತಂದಿ ತಾಯಿ ಒಪ್ಪಿಗಿ ಇಲ್ಲದ ಹಾಕಬ್ಯಾಡ್ರಿ. ಬಾಲಮಂದಿರದ ಮಕ್ಕಳದ್ದಂತೂ ಹಾಕೋ ಹಂಗ ಇಲ್ಲ, ಬಾಲನ್ಯಾಯ ಕಾಯಿದೆಯ 74ನೇ ಕಲಮು ಗುರುತು ಹೊರಗ ಹಾಕೋದನ್ನ ತಡೀತದ. ಗುಡಿ ಮುಂದ ಕೂಸು ಎತ್ತಿ ಬೇಡೋರನ್ನ ಕಂಡ್ರ ಫೋಟೊ, ಚಿಲ್ಲರಿ ಎರಡೂ ಬಿಟ್ಟು 1098ಕ್ಕ ಫೋನ್ ಮಾಡ್ರಿ.

ಬಿಳಿಜೋಳ (ವಿಜಯಪುರ)

ತಾಯಿ ಫೋಟೊ ಜೋಡಿ ಹಾಕೋದು ತಲಿಗೆ ಹೊಳದಿದ್ದಿಲ್ಲ. ತಾಯಿ ಸಿಗದಿದ್ರ?

ಶ್ವಾನಮಿತ್ರ (ಮುಧೋಳ)

ಅದ ಓಣಿಯ ದೊಡ್ಡ ನಾಯಿ ಯಾವುದಾದ್ರೂ ಒಂದರ ಬಾಜೂಕ ಕೂಡಿಸಿ ತಗೀರಿ. ಬೀದಿನಾಯಿ ಎತ್ತರ ಅಂದಾಜು ಅಷ್ಟರಾಗ ಇರ್ತೈತಿ. ಮೊದಲು ಆ ದೊಡ್ಡದಕ್ಕ ಒಂದು ಬಿಸ್ಕೀಟು ಹಾಕ್ರಿ, ಇಲ್ಲಾಂದ್ರ ಕುನ್ನಿ ಮ್ಯಾಲ ಗುರ್ ಅಂತೈತಿ.